ಎಲ್ಲಾ ಆಕಳಿಗೂ ಒಂದೇ ದಿನ ಸೂಜಿ ಬೇಕೆ?

ಪ್ರಶ್ನೆ:

ಡಾಕ್ಟರ, ನಮ್ಮದು ಲಕ್ಷ್ಮೇಶ್ವರದ ಹತ್ರ ಒಂದು ಹಳ್ಳಿ. ಮಳಿ ನಂಬಿದ ಆರು ಎಕರೆ ಹೊಲ ಐತಿ. ಪೀಕು ವರ್ಷಾ ಒಂದ ಥರಾ ಬರೂದಿಲ್ಲಂತ ಬ್ಯಾಂಕಿನಾಗ ಸಾಲಾ ತಗೊಂಡು ಆಕಳ ಕಟ್ಟೇವಿ. ಹಾಲು ಡೇರಿಗೆ ಹಾಕ್ತೀವಿ, ಅದರಾಗ ತಿಂಗಳಾ ಕಂತು ತುಂಬಬೇಕು. ಈಗ ನಾಕು ಆಕಳ, ಒಂದು ಎಮ್ಮಿ ಅದಾವು. ಕರಿ ಆಕಳ ಈದು ಐದು ತಿಂಗಳಾತು, ಮೂರು ಸರತಿ ಸೂಜಿ ಮಾಡಿಸಿದ್ರೂ ಗಬ್ಬ ನಿಂತಿಲ್ಲ, ಇಪ್ಪತ್ತು ಇಪ್ಪತ್ತೊಂದು ದಿನಕ್ಕ ಮತ್ತ ಬೆದಿಗೆ ಬರತೈತಿ. ಕೆಂಪಿ ಈದು ನಾಕು ತಿಂಗಳಾದ್ರೂ ಒಮ್ಮಿನೂ ಬೆದಿಗೆ ಬಂದಿಲ್ಲ, ಮೈನೂ ಇಳದೈತಿ. ಗೌರಿ ಈದು ಒಂದೂವರಿ ತಿಂಗಳಾತು, ಛಲೋ ಹಾಲು ಕೊಡತೈತಿ. ಮಣಕಕ್ಕ ಎರಡೂವರಿ ವರ್ಷ, ದಿನಾ ಊರ ದನದ ಕೂಡ ಮೇಯಾಕ ಹೊಕ್ಕೈತಿ. ಎಮ್ಮಿ ಬೆದಿಗೆ ಬಂದದ್ದು ಯಾರಿಗೂ ಗೊತ್ತಾಗೂದಿಲ್ಲ.

ಊರಿಗೆ ಬರೋ ಒಬ್ಬರು, ಐದಕ್ಕೂ ಹಾರ್ಮೋನ್ ಸೂಜಿ ಕೊಟ್ಟು ಎಲ್ಲಾನೂ ಒಂದ ದಿನ ಬೆದಿಗೆ ತರಿಸ್ತೀನಿ, ಒಂದ ದಿನ ವೀರ್ಯ ಹಾಕ್ತೀನಿ, ಮುಂದಿನ ಶ್ರಾವಣದಾಗ ಎಲ್ಲಾ ಕೂಡೇ ಈಯತಾವು ಅಂದಾರ. ಮಗ ತಯಾರದಾನ. ನಮ್ಮತ್ತಿ ಮಾತ್ರ, ಆ ಸೂಜಿ ಕೊಟ್ರ ಆಕಳ ಗೊಡ್ಡು ಬೀಳತಾವು, ಹಾಲೂ ವಿಷ ಆಗತೈತಿ ಅಂತ ಹಟ ಹಿಡದಾರ. ಮನಿಯಾಗ ದಿನಾ ಇದ ಜಗಳ. ದನದ ಕೆಲಸಾ ನಾನೂ ಸೊಸಿನೂ ಮಾಡತೀವಿ, ಆಕಿಗೆ ಈಗ ನಾಕು ತಿಂಗಳು. ಏನು ಮಾಡೋದು ಹೇಳ್ರಿ.

— ಲಕ್ಷ್ಮೇಶ್ವರ ತಾಲ್ಲೂಕಿನ ಒಬ್ಬ ತಾಯಿ

ಉತ್ತರ:

ಅಕ್ಕಾ, ಕೊನೆಯ ಸಾಲಿನಲ್ಲಿ ಬರೆದ ಸೊಸೆಯ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೆದೆ ತರಿಸಲು ಕೊಡುವ ಔಷಧಗಳಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬುದೊಂದಿದೆ. ಅದು ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಬಸುರಿಯ ಕೈಗೆ ತಾಗಿದರೂ ಗರ್ಭಕ್ಕೆ ಅಪಾಯ, ದಮ್ಮು ಇರುವವರಿಗೆ ಉಸಿರು ಕಟ್ಟಬಹುದು. ಮನೆಯಲ್ಲಿ ಯಾವ ಆಕಳಿಗೆ ಈ ಸೂಜಿ ಕೊಡುವುದಾದರೂ ಸೊಸೆ ಅಲ್ಲಿರಬಾರದು. ಬಾಟಲಿ, ಸಿರಿಂಜು ಅವರ ಕೈಗೆ ಸಿಗಬಾರದು. ಬೇರೆ ಯಾರ ಕೈಗಾದರೂ ಬಿದ್ದರೆ ಕೂಡಲೇ ಸೋಪು ಹಚ್ಚಿ ತೊಳೆಯಬೇಕು.

ಇನ್ನು ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಐದಕ್ಕೂ ಕೂಡಿಸಿ ಬೇಡ. ಈ ಸೂಜಿಗಳು ಬೆದೆಯ ದಿನವನ್ನು ಹೊಂದಿಸಿ ಕೊಡುತ್ತವೆ, ಅಷ್ಟೇ. ಗಬ್ಬ ನಿಲ್ಲಬೇಕಾದರೆ ಮೈಯಲ್ಲಿ ಕಸುವು ಇರಬೇಕು, ಗರ್ಭಕೋಶ ಚೊಕ್ಕವಾಗಿರಬೇಕು, ವೀರ್ಯ ಸರಿಯಾದ ಹೊತ್ತಿಗೆ ಬೀಳಬೇಕು. ನಿಮ್ಮ ಐದು ಜೀವಗಳ ತೊಂದರೆ ಐದು ಬಗೆಯದು. ಒಂದೇ ಔಷಧ ಐದಕ್ಕೂ ಉತ್ತರವಾಗಲಾರದು.

ಸೂಜಿ ಒಳಗೆ ಮಾಡುವ ಕೆಲಸ ತಿಳಿದರೆ ಮಗನಿಗೂ ಅತ್ತೆಯವರಿಗೂ ಅನುಕೂಲ. ಆಕಳ ಬೆದೆಯ ಸುತ್ತು ಸರಾಸರಿ 21 ದಿನ. ಕೆಲವಕ್ಕೆ 18, ಕೆಲವಕ್ಕೆ 24. ಬೆದೆ ಇರುವುದು 12ರಿಂದ 18 ಗಂಟೆ. ಅದು ಮುಗಿದು ಸುಮಾರು 10–12 ಗಂಟೆಗೆ ಅಂಡಾಣು ಹೊರಬೀಳುತ್ತದೆ. ಅಂಡಾಣು ಬಿದ್ದ ಜಾಗದಲ್ಲಿ ಹಳದಿ ಬಣ್ಣದ ಒಂದು ಗಂಟು ಬೆಳೆಯುತ್ತದೆ, ಡಾಕ್ಟರು ಅದನ್ನು ಸಿ.ಎಲ್. ಅನ್ನುತ್ತಾರೆ. ಈ ಗಂಟು ಇರುವ ತನಕ ಮುಂದಿನ ಬೆದೆ ಬರುವುದಿಲ್ಲ. ಪ್ರೋಸ್ಟಾಗ್ಲಾಂಡಿನ್ ಆ ಗಂಟನ್ನು ಕರಗಿಸುತ್ತದೆ, ಎರಡರಿಂದ ಐದು ದಿನದೊಳಗೆ ಆಕಳು ಬೆದೆಗೆ ಬರುತ್ತದೆ. ಆದರೆ ಗಂಟು ಬಲಿತಿರಬೇಕು. ಸುತ್ತಿನ ಐದಾರನೇ ದಿನದಿಂದ ಹದಿನೇಳನೇ ದಿನದ ತನಕ ಮಾತ್ರ ಇದು ಕೆಲಸ ಮಾಡುತ್ತದೆ. ಗಂಟೇ ಇಲ್ಲದ ಆಕಳಿಗೆ ಎಷ್ಟು ಕೊಟ್ಟರೂ ದುಡ್ಡು ಹೋಯಿತು, ಅಷ್ಟೇ. ಗಬ್ಬವಿದ್ದ ಆಕಳಿಗೆ ಕೊಟ್ಟರಂತೂ ಗರ್ಭ ಬೀಳುತ್ತದೆ, ಏಕೆಂದರೆ ಗರ್ಭವನ್ನು ಹಿಡಿದಿಟ್ಟಿರುವುದೂ ಅದೇ ಗಂಟು.

ನಿಮ್ಮ ಊರಿಗೆ ಬಂದವರು ಹೇಳಿದ್ದು ಬಹುಶಃ ಓವ್‌ಸಿಂಕ್ ಎಂಬ ಕ್ರಮ. ಮೊದಲ ಸೋಮವಾರ ಬೆಳಿಗ್ಗೆ ಜಿ.ಎನ್.ಆರ್.ಎಚ್. ಎಂಬ ಹಾರ್ಮೋನು, ಮುಂದಿನ ಸೋಮವಾರ ಬೆಳಿಗ್ಗೆ 8ಕ್ಕೆ ಪ್ರೋಸ್ಟಾಗ್ಲಾಂಡಿನ್, ಬುಧವಾರ ಸಂಜೆ 4ಕ್ಕೆ ಮತ್ತೆ ಮೊದಲಿನ ಹಾರ್ಮೋನು, ಗುರುವಾರ ಬೆಳಿಗ್ಗೆ 8ರಿಂದ 10ರ ಒಳಗೆ ವೀರ್ಯ. ಬೆದೆ ಕಂಡಿತೋ ಇಲ್ಲವೋ ನೋಡುವ ಪ್ರಮೇಯವೇ ಇಲ್ಲ. ಒಂದು ಹೊತ್ತು ಹೆಚ್ಚು ಕಡಿಮೆ ಆದರೆ ಮಾತ್ರ ಲೆಕ್ಕ ತಪ್ಪುತ್ತದೆ. ಇದನ್ನು 1995ರಲ್ಲಿ ಪ್ರಕಟಿಸಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪರ್ಸ್ಲೇ, ಮೀ ಮತ್ತು ವಿಲ್ಟ್‌ಬ್ಯಾಂಕ್. ಅಲ್ಲಿಯ ದೊಡ್ಡ ಹೈನುಶಾಲೆಗಳಲ್ಲಿ ನೂರಾರು ಆಕಳು. ಯಾವುದು ಯಾವಾಗ ಬೆದೆಗೆ ಬಂತೆಂದು ನೋಡುವ ಕಣ್ಣೇ ಸಾಲದು. ಆ ಕೊರತೆ ತುಂಬಲು ಹುಟ್ಟಿದ ಉಪಾಯ ಇದು. ನಿಮ್ಮ ಹಿತ್ತಲಿನಲ್ಲಿ ಐದೇ ಇವೆ, ನೋಡಲು ಇಬ್ಬರು ಹೆಣ್ಣುಮಕ್ಕಳಿದ್ದೀರಿ.

ಎಲ್ಲವೂ ಸರಿಯಿರುವ ಆಕಳುಗಳಿಗೆ ಹೀಗೆ ದಿನ ಗೊತ್ತುಮಾಡಿ ವೀರ್ಯ ಹಾಕಿದರೂ ಗಬ್ಬ ನಿಲ್ಲುವುದು ಸಾಮಾನ್ಯವಾಗಿ ನೂರಕ್ಕೆ 30ರಿಂದ 40. ಅಂದರೆ ನಿಮ್ಮ ನಾಲ್ಕರಲ್ಲಿ ಒಂದೋ ಎರಡೋ. ಉಳಿದವು ಮೂರು ವಾರಕ್ಕೆ ಮತ್ತೆ ಬೆದೆಗೆ ಬರುತ್ತವೆ. ಎಲ್ಲವೂ ಶ್ರಾವಣದಲ್ಲಿ ಕೂಡಿ ಈಯುತ್ತವೆ ಎಂದು ಯಾರೂ ಬರೆದು ಕೊಡಲಾರರು.

ಒಂದು ವೇಳೆ ನಾಲ್ಕೂ ಆಕಳು ಒಮ್ಮೆಲೇ ನಿಂತವೆಂದೇ ಇಟ್ಟುಕೊಳ್ಳಿ. ನವೆಂಬರ್ 15ಕ್ಕೆ ವೀರ್ಯ ಹಾಕಿದರೆ 280 ದಿನಕ್ಕೆ, ಆಗಸ್ಟ್ 22ರ ಸುಮಾರಿಗೆ ಈಯುತ್ತವೆ. ಆಗ ಮನೆ ತುಂಬ ಹಾಲು. ಆದರೆ ಈಯುವ ಮೊದಲು 60 ದಿನ ಹಾಲು ಬತ್ತಿಸಲೇಬೇಕು. ಜೂನ್ ಕೊನೆಯಿಂದ ಆಗಸ್ಟ್ ಕೊನೆಯ ತನಕ ಆಕಳ ಹಾಲು ಒಂದು ತಂಬಿಗೆಯೂ ಡೇರಿಗೆ ಹೋಗುವುದಿಲ್ಲ. ಮುಂಗಾರಿಯ ಗೊಬ್ಬರ, ಕಳೆ ತೆಗೆಯುವ ಕೂಲಿ, ಮಕ್ಕಳಿದ್ದರೆ ಶಾಲೆಯ ಖರ್ಚು, ಎಲ್ಲ ಬರುವುದೂ ಆ ಎರಡು ತಿಂಗಳಲ್ಲಿ. ಬ್ಯಾಂಕಿನ ಕಂತು ಆಕಳು ಬತ್ತಿದೆ ಎಂದು ನಿಲ್ಲುವುದಿಲ್ಲ. ತಿಂಗಳ ಕಂತು ಕಟ್ಟುವ ಮನೆಗೆ ತಿಂಗಳಾ ಹಾಲು ಬೇಕು. ಎರಡು ಮೂರು ತಿಂಗಳಿಗೊಂದು ಈಯುವಂತಿದ್ದರೆ ಯಾವ ಕಾಲಕ್ಕೂ ಮೂರಾದರೂ ಕರೆಯುತ್ತಿರುತ್ತವೆ. ಮಗ ಈ ಲೆಕ್ಕವನ್ನು ಒಮ್ಮೆ ಹಾಳೆಯ ಮೇಲೆ ಹಾಕಿ ನೋಡಲಿ.

ಈಗ ಒಂದೊಂದನ್ನಾಗಿ ನೋಡೋಣ.

ಕರಿ ಆಕಳು 21 ದಿನಕ್ಕೆ ಸರಿಯಾಗಿ ಬೆದೆಗೆ ಬರುತ್ತಿದೆ. ಅದಕ್ಕೆ ಬೆದೆ ತರಿಸುವ ಸೂಜಿಯ ಹಂಗಿಲ್ಲ. ಇಲ್ಲಿ ನೋಡಬೇಕಾದದ್ದು ಹೊತ್ತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬೇಕು. ಕೂಗಿತೆಂದು ಓಡಿಹೋಗಿ ಆಗಲೇ ಹಾಕಿಸಿದರೂ ತಪ್ಪುತ್ತದೆ, ನಾಳೆ ನೋಡೋಣವೆಂದು ಎರಡನೇ ದಿನಕ್ಕೆ ಬಿಟ್ಟರೂ ತಪ್ಪುತ್ತದೆ. ಬಾಲಕ್ಕೆ ರಕ್ತ ಅಂಟಿದ್ದು ನೋಡಿ ಡಾಕ್ಟರನ್ನು ಕರೆಯುವವರೂ ಇದ್ದಾರೆ. ಆ ರಕ್ತ ಬೆದೆ ಮುಗಿದು ಒಂದರಿಂದ ಮೂರು ದಿನಕ್ಕೆ ಕಾಣುವುದು, ಆಗ ಹಾಕಿಸಿ ಉಪಯೋಗವಿಲ್ಲ. ಆ ದಿನವನ್ನು ಗುರುತು ಹಾಕಿ 18–19ನೇ ದಿನದಿಂದ ಕಾಯಬೇಕು. ಲೋಳೆಯನ್ನೂ ನೋಡಿ. ಕನ್ನಡಿಯಂತೆ ತಿಳಿಯಾಗಿ ಉದ್ದಕ್ಕೆ ಎಳೆಯಬೇಕು. ಬೆಳ್ಳಗೆ, ಹಳದಿಯಾಗಿ ಕೀವಿನ ಎಳೆ ಇದ್ದರೆ ಗರ್ಭಕೋಶದಲ್ಲಿ ಸೋಂಕಿದೆ, ಆ ಸಲ ವೀರ್ಯ ಹಾಕಿಸದೆ ಮದ್ದು ಮಾಡಿಸಿ. ವೀರ್ಯ ಹಾಕುವವರ ಕೈಯನ್ನೂ ಗಮನಿಸಿ. ವೀರ್ಯದ ಕಡ್ಡಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರುತ್ತದೆ. ತೆಗೆದ ಕೂಡಲೇ 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ 30 ಸೆಕೆಂಡು ಅದ್ದಿ ಕರಗಿಸಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸುವವರಿದ್ದರೆ ಒಂದು ಲೋಟ ಬೆಚ್ಚನೆಯ ನೀರು ನೀವೇ ಮುಂದಿಡಿ. ಮೂರು ಸಲ ತಪ್ಪಿದೆ ಎಂದ ಮೇಲೆ ನಾಲ್ಕನೆಯದಕ್ಕೆ ಮೊದಲು ಡಾಕ್ಟರಿಂದ ತಪಾಸಣೆ ಆಗಲೇಬೇಕು.

ಕೆಂಪಿಯ ವಿಷಯ ಬೇರೆ. ಮೈ ಇಳಿದ ಆಕಳು ಮೊದಲು ತನ್ನ ಜೀವ, ಆಮೇಲೆ ಹಾಲು, ಕೊನೆಗೆ ಗರ್ಭ ಎಂದು ಲೆಕ್ಕ ಹಾಕುತ್ತದೆ. ಅಂಡಾಶಯ ಕೆಲಸವನ್ನೇ ನಿಲ್ಲಿಸಿರಬಹುದು. ಹಾಗಿದ್ದರೆ ಗಂಟೂ ಇರುವುದಿಲ್ಲ, ಗಂಟು ಕರಗಿಸುವ ಸೂಜಿಗೂ ಕೆಲಸವಿಲ್ಲ. ಹದವಿಲ್ಲದ ಹೊಲಕ್ಕೆ ಕೂರಿಗೆ ಹೂಡಿದರೆ ಬೀಜ ಹಾಳಾಗುವಂತೆ ಇಲ್ಲಿ ವೀರ್ಯ ಹಾಳಾಗುತ್ತದೆ. ಡಾಕ್ಟರು ಕೈ ಹಾಕಿ ನೋಡಿ ಗಂಟು ಇದೆ ಎಂದರೆ ಅದು ಬೆದೆಗೆ ಬಂದದ್ದು ನಿಮಗೆ ಕಂಡಿಲ್ಲ ಎಂದರ್ಥ. ಆಗ ಒಂದು ಸೂಜಿ ಸಾಕಾಗಬಹುದು. ಗಂಟು ಇಲ್ಲವೆಂದರೆ ಮೊದಲು ಮೇವು. ನಮ್ಮ ಕಡೆ ದನದ ಹೊಟ್ಟೆ ತುಂಬುವುದು ಜೋಳದ ಕಣಿಕೆ, ಶೇಂಗಾ ಹೊಟ್ಟು, ಕಡಲೆ ಹೊಟ್ಟಿನಿಂದ. ಕಣಿಕೆಯಂಥ ಒಣಮೇವಿನಲ್ಲಿ ರಂಜಕ ಕಡಿಮೆ, ರಂಜಕ ಕಡಿಮೆಯಾದರೆ ಬೆದೆ ಹಿಂದೆ ಬೀಳುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪದೆ ಕೊಡಿ. ಮೈಗೆಂದು ಒಂದೂವರೆಯಿಂದ ಎರಡು ಕಿಲೋ ಪಶು ಆಹಾರ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಹುಳದ ಮದ್ದು ಹಾಕಿಸಿ. ಕೊಳವೆಬಾವಿ ಇದ್ದರೆ ನಾಲ್ಕು ಗುಂಟೆಯಲ್ಲಾದರೂ ನೇಪಿಯರ್ ಹುಲ್ಲು ಹಚ್ಚಿ. ಇಷ್ಟಾದರೂ ಬೆದೆಗೆ ಬರದಿದ್ದರೆ, ಯೋನಿಯಲ್ಲಿ ಏಳೆಂಟು ದಿನ ಇಟ್ಟು ತೆಗೆಯುವ ಪ್ರೊಜೆಸ್ಟರಾನ್ ಸಾಧನವಿದೆ. ಮೈ ತುಂಬುತ್ತಿರುವ ಆಕಳಿಗೆ ಅದರಿಂದ ಒಳ್ಳೆಯ ಫಲ ಸಿಗುತ್ತದೆ. ಬಡಕಲು ಆಕಳಿಗೆ ಅದೂ ಖರ್ಚಿನ ದಾರಿಯೇ.

ಗೌರಿಯನ್ನು ಸದ್ಯ ಅದರ ಪಾಡಿಗೆ ಬಿಡಿ. ಈದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು 40–45 ದಿನ ಬೇಕು. 60 ದಿನ ತುಂಬಿದ ಮೇಲೆ ಬರುವ ಬೆದೆಗೆ ಹಾಕಿಸಿದರೆ ಸಾಕು. ಅಲ್ಲಿಯ ತನಕ ಬಂದ ಬೆದೆಯ ದಿನಾಂಕಗಳನ್ನು ಮಾತ್ರ ಬರೆದಿಡಿ.

ಮಣಕದ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ. ದಿನಾ ಊರ ದನದ ಜೊತೆ ಮೇಯಲು ಹೋಗುತ್ತದೆ, ಹಿಂಡಿನಲ್ಲಿ ಹೋರಿ ಇಲ್ಲದ ಊರಿಲ್ಲ. ನಿಮಗೆ ತಿಳಿಯದೆಯೇ ಗಬ್ಬವಾಗಿರಬಹುದು. ಪರೀಕ್ಷೆ ಮಾಡದೆ ಪ್ರೋಸ್ಟಾಗ್ಲಾಂಡಿನ್ ಕೊಟ್ಟರೆ ಹೊಟ್ಟೆಯಲ್ಲಿದ್ದ ಕರುವನ್ನು ಕೈಯಾರೆ ಕಳೆದುಕೊಂಡಂತೆ. ಎರಡು ತಿಂಗಳ ಗಬ್ಬವನ್ನು ಡಾಕ್ಟರು ಕೈ ಹಾಕಿಯೇ ಹೇಳುತ್ತಾರೆ. ಅದಕ್ಕಿಂತ ಎಳೆಯದು ಸ್ಕ್ಯಾನಿಂಗ್‌ನಲ್ಲಿ ಒಂದು ತಿಂಗಳಿಗೇ ಕಾಣುತ್ತದೆ. ಹಾಗಾಗಿ ಇವತ್ತಿನಿಂದ ಅದನ್ನು ಹಿಂಡಿನ ಜೊತೆ ಬಿಡಬೇಡಿ, ಎರಡು ತಿಂಗಳು ಕಳೆದು ತಪಾಸಣೆ ಮಾಡಿಸಿ. ಗಬ್ಬವಿಲ್ಲ, ತೂಕ 250 ಕಿಲೋ ದಾಟಿದೆ, ಅಂಡಾಶಯ ಸರಿಯಿದೆ ಎಂದಾದರೆ ಐದರಲ್ಲಿ ಈ ಮಣಕಕ್ಕೇ ಸೂಜಿ ಚೆನ್ನಾಗಿ ಒಗ್ಗಬಹುದು. ಹೆಣ್ಣುಗರುವನ್ನೇ ಬಯಸಿ ಹಾಕುವ ಲಿಂಗ ನಿರ್ಧರಿತ ವೀರ್ಯಕ್ಕೂ ಆರೋಗ್ಯವಂತ ಮಣಕವೇ ಸೂಕ್ತ. ಅದರಲ್ಲಿ ನೂರಕ್ಕೆ 90ರಷ್ಟು ಹೆಣ್ಣೇ ಹುಟ್ಟುತ್ತವೆ. ಆದರೆ ಸಾಮಾನ್ಯ ಕಡ್ಡಿಯಲ್ಲಿ 2 ಕೋಟಿಯಷ್ಟು ವೀರ್ಯಾಣು ಇದ್ದರೆ ಇದರಲ್ಲಿ 20 ಲಕ್ಷದಷ್ಟು ಮಾತ್ರ. ಹೊತ್ತು ತಪ್ಪಿದರೆ ಗಬ್ಬ ನಿಲ್ಲುವುದು ಇನ್ನೂ ಕಷ್ಟ.

ಎಮ್ಮೆ ಸದ್ದಿಲ್ಲದೆ ಬೆದೆಗೆ ಬರುವ ಪ್ರಾಣಿ. ಒಂದರ ಮೇಲೊಂದು ಹಾರುವುದು ಅಪರೂಪ. ಲೋಳೆ ಕಡಿಮೆ, ಲಕ್ಷಣಗಳು ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ. ಬೇಸಿಗೆಯಲ್ಲಂತೂ ಇನ್ನೂ ಮಂಕು. ಮಳೆಗಾಲ ಮುಗಿದು ಚಳಿ ಬೀಳುವ ಈ ಹೊತ್ತು ಎಮ್ಮೆಗೆ ಒಳ್ಳೆಯ ಕಾಲ. ತಪಾಸಣೆಯಲ್ಲಿ ಗಬ್ಬವಿಲ್ಲ, ಅಂಡಾಶಯ ಚುರುಕಾಗಿದೆ ಎಂದು ಗೊತ್ತಾದರೆ ಮೇಲೆ ಹೇಳಿದ ಸೋಮವಾರ–ಗುರುವಾರದ ಕ್ರಮ ಎಮ್ಮೆಗೆ ನಿಜಕ್ಕೂ ನೆರವಾಗುತ್ತದೆ. ಎಮ್ಮೆಯ ಗರ್ಭ ಸುಮಾರು 310 ದಿನದ್ದು, ಆಕಳಿಗಿಂತ ಒಂದು ತಿಂಗಳು ಹೆಚ್ಚು. ಈಯುವ ಲೆಕ್ಕ ಹಾಕುವಾಗ ನೆನಪಿರಲಿ.

ಅತ್ತೆಯವರ ಭಯವನ್ನು ಹಗುರಾಗಿ ತಳ್ಳಿಹಾಕಬೇಡಿ. ಹಾಲು ಇಳಿಸಲು ಆಕ್ಸಿಟೋಸಿನ್ ಸೂಜಿ ಚುಚ್ಚುವವರನ್ನು ಅವರು ಕಂಡಿರಬಹುದು. ಆಕಳ ಆರೋಗ್ಯ ಕೆಡಿಸಿ ಹಾಲು ಹಿಂಡುವ ಅಂಥ ಸೂಜಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಬೆದೆ ಹೊಂದಿಸುವ ಔಷಧಗಳು ಆ ಜಾತಿಯವಲ್ಲ. ಪ್ರೋಸ್ಟಾಗ್ಲಾಂಡಿನ್ ಆಕಳ ಮೈಯಲ್ಲಿ ಬಹಳ ಬೇಗ ಕರಗಿ ಹೋಗುತ್ತದೆ, ಜಿ.ಎನ್.ಆರ್.ಎಚ್. ನಮ್ಮ ಹೊಟ್ಟೆಗೆ ಹೋದರೂ ಬೇರೆ ಪ್ರೋಟೀನಿನ ಹಾಗೆ ಜೀರ್ಣವಾಗುತ್ತದೆ. ಹಾಲು ವಿಷವಾಗುವುದಿಲ್ಲ. ಆದರೂ ಬಾಟಲಿಯ ಮೇಲೆ ಹಾಲು ಬಿಡಬೇಕಾದ ಅವಧಿ ಬರೆದಿದ್ದರೆ ಅದನ್ನು ಪಾಲಿಸಿ. ಸರಿಯಾದ ಪ್ರಮಾಣದಲ್ಲಿ, ನೋಡಿ ಕೊಟ್ಟ ಸೂಜಿಯಿಂದ ಆಕಳು ಗೊಡ್ಡಾಗುವುದಿಲ್ಲ. ಇನ್ನು ವೀರ್ಯ ಹಾಕಿಸುವ ಸೂಜಿಯ ಬಗ್ಗೆಯೇ ಅಳುಕಿದ್ದರೆ ಇಷ್ಟು ಹೇಳಿ: ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲಾದದ್ದೇ ನಮ್ಮ ನಾಡಿನಲ್ಲಿ. 1939ರಲ್ಲಿ ಮೈಸೂರು ಅರಮನೆಯ ಹೈನುಶಾಲೆಯಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಆಕಳುಗಳಿಗೆ ಹೋಲ್‌ಸ್ಟೀನ್ ಫ್ರೀಷಿಯನ್ ಹೋರಿಯ ವೀರ್ಯ ಹಾಕಿ ಕರು ಪಡೆದರು. ಅತ್ತೆಯವರು ಹುಟ್ಟುವ ಮುಂಚಿನ ಮಾತೇ ಇರಬೇಕು.

ಹಾಗಾದರೆ ಒಟ್ಟಿಗೆ ಬೆದೆ ತರಿಸುವುದು ಯಾರಿಗೂ ಬೇಡವೇ? ಬೇಕು. ಬೆಟಗೇರಿಯಿಂದ 20 ಆಕಳಿರುವ ಒಬ್ಬರು ಇದೇ ಪ್ರಶ್ನೆ ಕೇಳಿದ್ದಾರೆ. ಸಾಲಾಗಿ ಕಟ್ಟಿದ ಆಕಳುಗಳು, ಆಗಾಗ ಬದಲಾಗುವ ಆಳು, ರಾತ್ರಿ ನೋಡುವವರಿಲ್ಲ. ಅವರಿಗೆ ಈ ಕ್ರಮ ಹೊಂದುತ್ತದೆ. ಅವರೂ 20ಕ್ಕೆ 20ನ್ನು ಒಮ್ಮೆಲೇ ಹಿಡಿಯಬಾರದು. ಈದು 60 ದಿನ ದಾಟಿದ, ತಪಾಸಣೆಯಾದ, ಮೈ ತುಂಬಿದ ನಾಲ್ಕೈದನ್ನು ಆರಿಸಿ ತಿಂಗಳಿಗೊಂದು ತಂಡ ಮಾಡಿದರೆ ಹಾಲಿನ ಹರಿವೂ ಒಂದೇ ಸಮ ಇರುತ್ತದೆ. ಮುಂಡರಗಿ ತಾಲ್ಲೂಕಿನ ತುಂಗಭದ್ರೆಯ ದಂಡೆಯ ಊರುಗಳಂತೆ, ವೀರ್ಯ ಹಾಕುವವರು ದೂರದಿಂದ ಬರಬೇಕಾದ ಕಡೆಯೂ ಇದು ಉಪಯುಕ್ತ. ಹಾಲು ಸಂಘದವರು ಕೂಡಿ ಬರಡು ರಾಸುಗಳ ತಪಾಸಣಾ ಶಿಬಿರ ಕೇಳಬೇಕು. ಶಿಬಿರದಲ್ಲಿ ಗಂಟು ಸಿಕ್ಕ ರಾಸುಗಳಿಗೆಲ್ಲ ಅಂದೇ ಸೂಜಿ ಕೊಟ್ಟು 72 ಮತ್ತು 96ನೇ ಗಂಟೆಗೆ ವೀರ್ಯ ಹಾಕಿದರೆ ಒಬ್ಬರೇ ಎರಡು ಸಲ ಬಂದು ಇಡೀ ಊರಿನ ಕೆಲಸ ಮುಗಿಸಬಹುದು. ಇಲ್ಲಿ ಬೆದೆ ಹೊಂದಿದರೂ ಮನೆಗೊಂದು ಎರಡು ರಾಸು ಇರುವುದರಿಂದ ಯಾರ ಮನೆಯ ಹಾಲೂ ಒಮ್ಮೆಲೇ ಬತ್ತುವುದಿಲ್ಲ.

ನಿಮ್ಮ ಮನೆಯಲ್ಲಿ ಈ ವಾರ ಆಗಬೇಕಾದದ್ದು ಇಷ್ಟು. ಲಕ್ಷ್ಮೇಶ್ವರದ ಪಶು ಆಸ್ಪತ್ರೆಗೆ ಹೇಳಿ ಡಾಕ್ಟರನ್ನು ಕರೆಸಿ. ಗೌರಿಯನ್ನೂ ಮಣಕವನ್ನೂ ಬಿಟ್ಟು ಉಳಿದವನ್ನು ಪರೀಕ್ಷೆ ಮಾಡಿಸಿ. ಶಿರಹಟ್ಟಿ, ಮುಂಡರಗಿ ಕಡೆಯ ಓದುಗರೂ ತಮ್ಮ ತಾಲ್ಲೂಕಿನ ಆಸ್ಪತ್ರೆಯನ್ನೇ ಮೊದಲು ಕೇಳಬೇಕು. ರಾಸು ಏಳಲಾರದಂಥ ತುರ್ತಿದ್ದರೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಬರುತ್ತದೆ. ಕರಿ ಆಕಳಿನಂತೆ ಮತ್ತೆ ಮತ್ತೆ ತಪ್ಪುವ ಆಕಳಿಗೆ ಊರಲ್ಲಿ ಕಾರಣ ಸಿಗದಿದ್ದರೆ ಗದಗಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ಮೇವಿನ ಬಗ್ಗೆ ಕೇಳಲು ಹುಲಕೋಟಿಯ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರ ದೂರವಿಲ್ಲ.

ಬೆದೆ ನೋಡುವ ಕೆಲಸಕ್ಕೆ ಮಗನನ್ನು ಹಚ್ಚಿ. ಬೆಳಿಗ್ಗೆ ಐದಾರು ಗಂಟೆಗೆ, ರಾತ್ರಿ ಒಂಬತ್ತು ಹತ್ತಕ್ಕೆ, ಮೇವು ಹಾಕುವ ಹೊತ್ತು ಬಿಟ್ಟು, ಅರ್ಧ ತಾಸು ದನದ ಮನೆಯಲ್ಲಿ ಸುಮ್ಮನೆ ನಿಲ್ಲಲಿ. ಕಟ್ಟಿದ ಆಕಳು ಹಾರಲಾರದು, ದಿನಕ್ಕೊಮ್ಮೆ ಕಣ್ಣಿ ಬಿಚ್ಚಿ ಅಂಗಳಕ್ಕೆ ಬಿಡಿ. ಬೇರೆ ಆಕಳು ಮೇಲೆ ಹಾರಿದಾಗ ಕದಲದೆ ನಿಂತರೆ ಅದೇ ಬೆದೆಯ ಖಚಿತ ಗುರುತು. ಕೂಗುವುದು, ಹಾಲು ತಟ್ಟನೆ ಕಡಿಮೆಯಾಗುವುದು, ಮತ್ತೆ ಮತ್ತೆ ಉಚ್ಚೆ ಹೊಯ್ಯುವುದು, ಲೋಳೆ ಇಳಿಯುವುದು ಜೊತೆಯ ಗುರುತುಗಳು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾಸಿನ ಹೆಸರು, ಬೆದೆಯ ದಿನ, ವೀರ್ಯ ಹಾಕಿಸಿದ ದಿನ ಬರೆಯಿರಿ. ವೀರ್ಯ ಹಾಕಿಸಿ 18ರಿಂದ 24ನೇ ದಿನದ ತನಕ ಮತ್ತೆ ಬೆದೆ ಬಂತೇ ನೋಡಿ, ಬರದಿದ್ದರೆ ಎರಡು ತಿಂಗಳಿಗೆ ಗಬ್ಬದ ಪರೀಕ್ಷೆ. ಕಿವಿಯ ಓಲೆಯ 12 ಅಂಕಿಗಳ ಜೊತೆ ವೀರ್ಯ ಹಾಕಿದ ದಿನವನ್ನು ನೋಂದಾಯಿಸುವಂತೆ ಕೇಳಿ. ವೀರ್ಯ ಯಾವ ಹೋರಿಯದು ಎಂಬ ದಾಖಲೆ ಕರು ದೊಡ್ಡದಾದ ಮೇಲೆ ಬೇಕಾಗುತ್ತದೆ.

ಊರಿಗೆ ಬಂದವರಿಗೆ ಒರಟಾಗಿ ಉತ್ತರ ಕೊಡುವುದು ಬೇಡ. ಮೂರು ಮಾತು ಕೇಳಿ: ಗಬ್ಬದ ಪರೀಕ್ಷೆ ಮಾಡಿ ಕೊಡುತ್ತೀರಾ? ಯಾವ ಔಷಧ ಎಂದು ಪಶುವೈದ್ಯರ ಚೀಟಿ ಇದೆಯೇ? ನಿಲ್ಲದಿದ್ದರೆ 21ನೇ ದಿನಕ್ಕೆ ಮತ್ತೆ ಬರುತ್ತೀರಾ? ಮೂರಕ್ಕೂ ಹೌದೆಂದರೆ ಎಮ್ಮೆಯ ವಿಷಯದಲ್ಲಿ ಮಾತಾಡಬಹುದು. ಇಲ್ಲವೆಂದರೆ ನಮಸ್ಕಾರ ಹೇಳಿ ಕಳುಹಿಸಿ. ನಿಮ್ಮ ಡಾಕ್ಟರು ತಪಾಸಣೆ ಮಾಡಿ ನಾನು ಇಲ್ಲಿ ಹೇಳಿದ್ದಕ್ಕಿಂತ ಬೇರೆ ಹೇಳಿದರೆ ಅವರ ಮಾತನ್ನೇ ಕೇಳಿ. ನಾನು ನೋಡಿದ್ದು ನಿಮ್ಮ ಪತ್ರವನ್ನು, ಅವರು ನೋಡುವುದು ನಿಮ್ಮ ಆಕಳನ್ನು.